ಕೆಂಗಾಲಿಗೆ ಬಿದ್ದ ಸರಕಾರಿ ಮುದ್ರೆ

ಸುಬ್ರಾಯನ ಮನೆಯಲ್ಲಿ ಮುಚ್ಚಳವಿದ್ದ ಪಾತ್ರೆ ಒಂದೂ ಉಳಿದಿರಲಿಲ್ಲ. ಅನ್ನದ ಪಾತ್ರೆಯ ಮೇಲೆ ಊಟದ ತಟ್ಟೆ, ಸಾರಿನ ಮೇಲೆ ಬಾಳೆಲೆ, ಹಾಲಿನ ಮೇಲೆ ಹಳೆಯ ಕ್ಯಾಲೆಂಡರಿನ ರಟ್ಟು. ೧೯೫೮ರಲ್ಲಿ ಮಟ್ಟಾಂಚೇರಿಯ ಆ ಬಾಡಿಗೆ ಮನೆಗೆ ಹೋದವರಿಗೆಲ್ಲ ಅವನ ಹೆಂಡತಿ ಶಂಕರಿ ಮೊದಲು ತೋರಿಸುತ್ತಿದ್ದದ್ದು ಇದನ್ನೇ. ಮುಚ್ಚಳಗಳು ಏನಾದವು ಎಂದು ಕೇಳಿದರೆ, "ಹಾರಿ ಹೋದವು" ಎನ್ನುತ್ತಿದ್ದಳು. ಅದು ಸುಳ್ಳಲ್ಲ.

ಸುಬ್ರಾಯ ನನ್ನ ತಂಗಿಯ ಮಗ. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಿ.ಎ. ಮುಗಿಸಿ, ಕೇಂದ್ರ ಸರಕಾರದ ಒಂದು ಇಲಾಖೆಗೆ ಸೇರಿದ. ಯಾವ ಇಲಾಖೆ ಎಂದು ಹೇಳುವ ಅಗತ್ಯವಿಲ್ಲ. ಗೋದಾಮಿನ ಬೀಗಕ್ಕೆ, ಚಹದ ಪೆಟ್ಟಿಗೆಗೆ, ಮೂಟೆಯ ಬಾಯಿಗೆ ಸೀಸದ ಬಿಲ್ಲೆ ಇಟ್ಟು ಇಕ್ಕಳದಿಂದ ಒತ್ತಿ ಮುದ್ರೆ ಹಾಕುವುದು, ಸುಂಕ ಸಂದಾಯವಾದ ಮೇಲೆ ಆ ಮುದ್ರೆಯನ್ನು ಒಡೆಯುವುದು, ಇಷ್ಟೇ ಅವನ ಕೆಲಸ. ಇಕ್ಕಳದ ಒಂದು ದವಡೆಯಲ್ಲಿ ಸಿಂಹದ ಗುರುತು, ಇನ್ನೊಂದರಲ್ಲಿ ಕಚೇರಿಯ ಸಂಖ್ಯೆ. ಕಾಸರಗೋಡು ಕೇರಳಕ್ಕೆ ಸೇರಿದಾಗ, ಕಾಸರಗೋಡಿನವನನ್ನು ಕೊಚ್ಚಿಗೆ ಕಳಿಸಿದರೆ ಅವನ ಊರಿಗೇ ಕಳಿಸಿದ ಹಾಗೆ ಎಂದು ಮೇಲಿನವರು ಯಾರೋ ಭಾವಿಸಿದರು. ಭೂಪಟವನ್ನು ದೂರದಿಂದ ನೋಡುವವರಿಗೆ ಹಾಗೆ ಅನ್ನಿಸುವುದು ಸಹಜ. ಹುದ್ದೆ ತಾತ್ಕಾಲಿಕವಾಗಿತ್ತು, ಖಾಯಂ ಆಗುವ ಮಾತು ವರ್ಷ ವರ್ಷವೂ ಬರುತ್ತಿತ್ತು, ಹೋಗುತ್ತಿತ್ತು.

ಅವನಷ್ಟು ಪ್ರಾಮಾಣಿಕನಾದ ನೌಕರನನ್ನು ನಾನು ಬೇರೆ ಕಂಡಿಲ್ಲ. ಅದನ್ನು ಹೊಗಳಿಕೆಯೆಂದು ತಿಳಿಯಬೇಕಾಗಿಲ್ಲ. ಗೋದಾಮಿಗೆ ಮುದ್ರೆ ಹಾಕಿದ ಮೇಲೆ ಬೀಗವನ್ನು ಜಗ್ಗಿ ನೋಡುವನು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುವನು. ಮದುವೆಯಾದ ಹೊಸತರಲ್ಲಿ ಮನೆಯ ಬೀಗವನ್ನೂ ಹೀಗೆಯೇ ಜಗ್ಗುತ್ತ ನಿಂತು ಅರ್ಧ ಸಿನೆಮಾ ತಪ್ಪಿಸಿದ ಎಂಬುದು ಶಂಕರಿಯ ದೂರು.

ಕಾಯಲು ಎನ್ನುವ ಹಿನ್ನೀರಿನ ಆಚೆಯ ಗೋದಾಮುಗಳಿಗೆ ಅವನು ದೋಣಿಯಲ್ಲಿ ಹೋಗಬೇಕಾಗಿತ್ತು. ಇಳಿತದ ಹೊತ್ತಿಗೆ ದಾರಿಯಲ್ಲಿ ಒಂದು ಕೆಸರಿನ ದಿಣ್ಣೆ ತಲೆಯೆತ್ತುತ್ತದೆ. ಅದರ ಮೇಲೆ ಉದ್ದ ಕಾಲಿನ ಹಕ್ಕಿಗಳು ಕೊಕ್ಕಿನಿಂದ ಕೆಸರು ಕೆದಕುತ್ತ ಓಡಾಡುತ್ತವೆ. ಅವುಗಳಲ್ಲಿ ಕೆಂಪು ಕಾಲಿನ ಒಂದು ಜಾತಿ ಉಂಟು. ಸುಬ್ರಾಯ ಅದಕ್ಕೆ ಕೆಂಗಾಲಿ ಎಂದು ಹೆಸರಿಟ್ಟ. ಬೇರೆ ಹಕ್ಕಿಗಳು ಸುಮ್ಮನಿರುವಾಗಲೂ ಅದು ಯಾರಾದರೂ ಹತ್ತಿರ ಸುಳಿದರೆ ಸಾಕು, ಇಡೀ ಕಾಯಲಿಗೆ ಕೇಳುವಂತೆ ಕೂಗುತ್ತದೆ. ಏಪ್ರಿಲ್ ಮುಗಿಯುವಾಗ ದಿಣ್ಣೆ ಬರಿದಾಯಿತು. ಹಕ್ಕಿಗಳು ಹೋದವು ಎಂದು ಇತರರಿಗೆ ಅನ್ನಿಸಿರಬಹುದು. ಸುಬ್ರಾಯನಿಗೆ ಮುದ್ರೆ ಹಾಕಿದ ಗೋದಾಮು ಪಾಸ್ ಇಲ್ಲದೆ ಖಾಲಿಯಾದ ಹಾಗೆ ಅನ್ನಿಸಿತು.

೧೯೫೭ರ ಓಣಂ ರಜೆಯಲ್ಲಿ ತಿರುವನಂತಪುರಕ್ಕೆ, ಉಳ್ಳೂರಿನ ನನ್ನ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ:

"ದೊಡ್ಡಮ್ಮ, ಈಗ ದಿಣ್ಣೆಗೆ ಪುನಃ ಬಂದದ್ದು ಉಂಟಲ್ಲ, ಅದು ಹೋದದ್ದೇ ಹಕ್ಕಿಯಾ, ಅಥವಾ ಬೇರೆಯಾ?"

"ನೋಡಿ ಹೇಳಲು ಬರುವುದಿಲ್ಲ."

"ನೀವು ಇಷ್ಟು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದಲ್ವ?"

"ಅದಕ್ಕೇ ಹೇಳಲು ಬರುವುದಿಲ್ಲ ಎಂದು ಗೊತ್ತಿದೆ."

ಯುರೋಪಿನಲ್ಲಿ ಹಕ್ಕಿಯನ್ನು ಹಿಡಿದು ಕಾಲಿಗೆ ಹಗುರವಾದ ಅಲ್ಯುಮಿನಿಯಂ ಉಂಗುರ ತೊಡಿಸಿ ಬಿಡುತ್ತಾರೆ, ಅದೇ ಹಕ್ಕಿ ಇನ್ನೆಲ್ಲೋ ಇನ್ನಾರಿಗೋ ಸಿಕ್ಕಿದಾಗ ಅದು ಎಷ್ಟು ದೂರ ಹೋಯಿತು, ಎಷ್ಟು ಕಾಲ ಬದುಕಿತು ಎಂದು ತಿಳಿಯುತ್ತದೆ ಎಂದು ವಿವರಿಸಿದೆ. ಉಂಗುರ ಕಾಲನ್ನು ಬಿಗಿಯಬಾರದು, ಬೆರಳು ದಾಟಿ ಜಾರಬಾರದು. ಅದರ ಮೇಲೆ ಒಂದು ಸಂಖ್ಯೆ ಇರಬೇಕು. ಸಿಕ್ಕಿದವರು ಯಾರಿಗೆ ತಿಳಿಸಬೇಕು ಎಂಬುದೂ ಇರಬೇಕು. ಸುಬ್ರಾಯ ಎಲ್ಲದಕ್ಕೂ ತಲೆಯಾಡಿಸಿದ. ಉಂಗುರ ಎಲ್ಲಿಂದ ತರುತ್ತಾನೆ ಎಂದು ನಾನು ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ಕೊಚ್ಚಿಗೆ ಮರಳಿದ ವಾರವೇ ಶಂಕರಿಯ ಮೊದಲ ಅಲ್ಯುಮಿನಿಯಂ ಮುಚ್ಚಳ ಹೋಯಿತು. ಚಹದ ಪೆಟ್ಟಿಗೆ ಬಿಚ್ಚುವ ಕತ್ತರಿಯಿಂದ ಪಟ್ಟಿ ಕತ್ತರಿಸಿ, ಪೆನ್ಸಿಲಿಗೆ ಸುತ್ತಿ, ಅಂಚನ್ನು ಒರಳುಕಲ್ಲಿಗೆ ಉಜ್ಜಿ ನಯಮಾಡಿದ. ಸಂಖ್ಯೆಯನ್ನು ದಬ್ಬಣದಿಂದ ಗೀರಿದ. ಆದರೆ ವಿಳಾಸ ಗೀರಲು ಜಾಗವಿಲ್ಲ. ಆಗ ಅವನಿಗೆ ಹೊಳೆದದ್ದು ಕಚೇರಿಯ ಇಕ್ಕಳ. ಒಂದು ಸಲ ಒತ್ತಿದರೆ ಸಾಕು, ಸಿಂಹವೂ ಕಚೇರಿಯ ಸಂಖ್ಯೆಯೂ ಒಟ್ಟಿಗೇ ಮೂಡಿದವು.

"ಇದು ಸರಕಾರದ್ದಲ್ವ? ಹಕ್ಕಿಗೆ ಹಾಕಬಹುದಾ?" ಎಂದು ಶಂಕರಿ ಕೇಳಿದಳಂತೆ.

"ನನ್ನ ಹೆಸರು ಹಾಕಿದರೆ ಸಿಕ್ಕಿದವ ಬಿಸಾಡ್ತಾನೆ ಮಾರಾಯ್ತಿ. ಸರಕಾರದ ಮುದ್ರೆ ಕಂಡರೆ ಬಿಸಾಡ್ತಾನಾ? ಹೆದರಿ ಕಚೇರಿಗೆ ತಂದುಕೊಡ್ತಾನೆ."

ತರ್ಕದಲ್ಲಿ ದೋಷವಿರಲಿಲ್ಲ. ಮುದ್ರೆಯ ಬಗ್ಗೆ ಅಷ್ಟು ಭಕ್ತಿಯಿದ್ದವನಿಗೆ ಮಾತ್ರ ಹೊಳೆಯುವ ತಪ್ಪು ಅದು.

ಅಭ್ಯಾಸಕ್ಕೆಂದು ಮೊದಲ ಉಂಗುರವನ್ನು ಪಕ್ಕದ ಮನೆಯ ತ್ರೇಸ್ಯ ಚೇಡತ್ತಿ ಎಂಬ ಕ್ರೈಸ್ತ ಹೆಂಗಸಿನ ಕೋಳಿಗೆ ಹಾಕಿದ. ಕೋಳಿ ಮುಟ್ಟಿದ್ದಕ್ಕೆ ಶಂಕರಿ ಅವನಿಗೆ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಸಿ ಒಳಗೆ ಸೇರಿಸಿದಳು. ಕ್ರಿಸ್ಮಸ್ಸಿಗೆ ಕೊಯ್ಯಬೇಕೆಂದಿದ್ದ ಕೋಳಿ ಅದು. ಕಾಲಿನಲ್ಲಿ ಸಿಂಹ ಕಂಡ ಚೇಡತ್ತಿ, ಕೋಳಿಗೂ ಸುಂಕ ಬಂತು ಎಂದು ತಿಳಿದು ಕತ್ತಿ ಕೆಳಗಿಟ್ಟಳು. ಸುಬ್ರಾಯ ಎಷ್ಟು ಸಮಾಧಾನ ಹೇಳಿದರೂ ಅವಳು ನಂಬಲಿಲ್ಲ. ಆ ಕೋಳಿ ಮುದಿಯಾಗಿ, ಮೊಟ್ಟೆ ನಿಲ್ಲಿಸಿ, ತಾನಾಗಿಯೇ ಸತ್ತಿತು. ಉಂಗುರದಿಂದ ಆಯುಸ್ಸು ತಿಳಿಯುತ್ತದೆ ಎಂದು ನಾನು ಹೇಳಿದ್ದೆ. ಹೆಚ್ಚುತ್ತದೆ ಎಂದು ಹೇಳಿರಲಿಲ್ಲ.

ಹಕ್ಕಿ ಹಿಡಿಯಲು ಅಂತೋಣಿ ಎಂಬ ಮೀನುಗಾರ ಸಿಕ್ಕಿದ. ಅವನು ಕೆಸರಿನ ಮೇಲೆ ನೂಲಿನ ಕುಣಿಕೆಗಳನ್ನು ಹರಡಿ ಹಕ್ಕಿಗಳನ್ನು ತಿನ್ನಲು ಹಿಡಿಯುತ್ತಿದ್ದ. ಕಾಸರಗೋಡಿನಿಂದ ಬಂದ ಹಲಸಿನ ಹಪ್ಪಳದ ಕಟ್ಟಿಗೆ ಬದಲಾಗಿ ಜೀವಂತ ಕೆಂಗಾಲಿ ಕೊಡಲು ಒಪ್ಪಿದ. ಸುಬ್ರಾಯ ಉಂಗುರ ತೊಡಿಸಿ, ಬೀಗ ಜಗ್ಗುವ ಹಾಗೆ ಅದನ್ನು ಮೆಲ್ಲನೆ ಜಗ್ಗಿ ನೋಡಿ, ಹಕ್ಕಿಯನ್ನು ಗಾಳಿಗೆ ಬಿಟ್ಟಾಗ ಅಂತೋಣಿ ತಲೆಗೆ ಕೈ ಹೊತ್ತುಕೊಂಡ.

"ಬಿಡುವುದಾದರೆ ಹಿಡಿದದ್ದು ಯಾಕೆ ಸಾರೇ?"

"ಇನ್ನೊಮ್ಮೆ ಹಿಡೀಲಿಕ್ಕೆ."

"ಇನ್ನೊಮ್ಮೆ ಹಿಡಿದರೆ?"

"ಪುನಃ ಬಿಡ್ಲಿಕ್ಕೆ."

ಅಂತೋಣಿ ಆಮೇಲೆ ಪ್ರಶ್ನೆ ಕೇಳಲಿಲ್ಲ, ಹಪ್ಪಳ ಮಾತ್ರ ಕೇಳಿದ.

ಆ ಚಳಿಗಾಲದಲ್ಲಿ ಒಂದು ಡಜನಿನಷ್ಟು ಹಕ್ಕಿಗಳು ಸರಕಾರದ ಮುದ್ರೆ ಹೊತ್ತವು. ಏಪ್ರಿಲಿನಲ್ಲಿ ಎಲ್ಲವೂ ಹೋದವು. ಮುಂದಿನ ಸೆಪ್ಟೆಂಬರಿನಲ್ಲಿ ಕೆಂಗಾಲಿಗಳು ದಿಣ್ಣೆಗೆ ಬಂದಾಗ ಸುಬ್ರಾಯ ಪ್ರತಿದಿನವೂ ದೋಣಿಯಿಂದ ಬಗ್ಗಿ ಕಾಲುಗಳನ್ನು ಹುಡುಕಿದ. ಉಂಗುರವಿದ್ದ ಒಂದು ಕಾಲೂ ಕಾಣಲಿಲ್ಲ. ಅನ್ನ ಬಿಟ್ಟ ಎಂದು ಶಂಕರಿ ಬರೆದಳು. ಒಂದು ಹೊತ್ತಿನದ್ದಿರಬೇಕು, ಅವನು ಅನ್ನ ಬಿಡುವ ಜಾತಿಯವನಲ್ಲ.

ಅದೇ ತಿಂಗಳಲ್ಲಿ ತಿರುವನಂತಪುರದಲ್ಲಿ, ಸುಬ್ರಾಯನ ಮೇಲಧಿಕಾರಿಯಾಗಿದ್ದ ನೀಲಕಂಠ ಪಿಳ್ಳೆಯವರ ಅಡಿಗೆಮನೆಯಲ್ಲಿ ಒಂದು ಕೂಗು ಎದ್ದಿತು. ವೇಳಿಯ ಕಾಯಲಿನ ಕಡೆಯ ಹಕ್ಕಿ ಮಾರುವವನಿಂದ ಅವರ ಅಡಿಗೆಯವನು ಕೆಂಪು ಕಾಲಿನ ಒಂದು ಹಕ್ಕಿಯನ್ನು ಜೀವಂತವಾಗಿ ಕೊಂಡಿದ್ದ. ಕತ್ತು ಮುರಿಯಲು ಕಾಲು ಹಿಡಿದವನು ಅಡಿಗೆಮನೆಯಿಂದ ಹಜಾರಕ್ಕೆ ಓಡಿಬಂದ.

"ಸಾರೇ, ಇದರಲ್ಲಿ ಗೌರ್ಮೆಂಟು ಉಂಟು!"

ಪಿಳ್ಳೆಯವರು ಕನ್ನಡಕ ಏರಿಸಿ ನೋಡಿದರು. ಸಿಂಹ; ಮಟ್ಟಾಂಚೇರಿ ಕಚೇರಿಯ ಸಂಖ್ಯೆ; ಅದರಡಿ ದಬ್ಬಣದಲ್ಲಿ ಗೀರಿದ ಏಳು. ಮುದ್ರೆ ಒಡೆದಿರಲಿಲ್ಲ. ಆ ದಿನ ಪಿಳ್ಳೆಯವರು ಹುರುಳಿಕಾಯಿಯ ತೋರನ್ ಪಲ್ಯದಲ್ಲಿ ಊಟ ಮುಗಿಸಿದರು. ಹಕ್ಕಿ ಬಿದಿರಿನ ಬುಟ್ಟಿಯಲ್ಲಿ ಕಚೇರಿಯ ಜಪ್ತಿ ಕೋಣೆ ಸೇರಿತು. ಸುಬ್ರಾಯನಿಗೆ ಮೆಮೋ ಹೋಯಿತು: ಇಲಾಖೆಯ ಮುದ್ರೆಯಿರುವ ಸರಕು ಪಾಸ್ ಇಲ್ಲದೆ ಮಟ್ಟಾಂಚೇರಿಯಿಂದ ತಿರುವನಂತಪುರಕ್ಕೆ ಹೇಗೆ ಬಂತು, ಖುದ್ದಾಗಿ ಬಂದು ಉತ್ತರಿಸಿ.

ಅದನ್ನು ಓದಿ ಸುಬ್ರಾಯ ಅಂಗಳದಲ್ಲಿ ಕುಣಿದ. ಮೆಮೋ ಬಂದರೆ ಕುಣಿಯುವ ಗಂಡಸನ್ನು ತಾನು ನೋಡಿದ್ದು ಅದೇ ಮೊದಲು ಎಂದು ಶಂಕರಿ ಹೇಳುತ್ತಾಳೆ. ಅವನನ್ನು ಖಾಯಂ ಮಾಡುವ ಶಿಫಾರಸು ಪಿಳ್ಳೆಯವರ ಕೈಯಲ್ಲೇ ಇತ್ತು. ಆದ್ದರಿಂದ ಅವನ ಬಾಯಿಗೆ ಮುಚ್ಚಳವಾಗಿ ಅವಳೂ ಹೊರಟಳು. ಆ ವರ್ಷವೇ ಶುರುವಾಗಿದ್ದ ಕೊಲ್ಲಂ ದಾರಿಯ ರೈಲಿನಲ್ಲಿ ಇಬ್ಬರೂ ಬಂದು ನನ್ನ ಮನೆಯಲ್ಲಿ ಇಳಿದರು.

"ಏಳನೆಯದು ದೊಡ್ಡಮ್ಮ! ಏಳನೆಯದು ಪುನಃ ಬಂತು! ಎಲ್ಲಿಗೆಲ್ಲ ಹೋಗಿ ಬಂತೋ!"

"ಎಲ್ಲಿಗೂ ಹೋಗದೆ ಇಲ್ಲೇ ಇದ್ದಿರಲೂಬಹುದು. ಕೊಚ್ಚಿಯಲ್ಲಿ ಬಿಟ್ಟದ್ದು ತಿರುವನಂತಪುರದಲ್ಲಿ ಸಿಕ್ಕಿತು. ಸದ್ಯಕ್ಕೆ ಸಿದ್ಧವಾದದ್ದು ಇಷ್ಟೇ. ನೀವಿಬ್ಬರೂ ಅಷ್ಟೇ ದೂರ ಬಂದಿದ್ದೀರಿ."

ಅವನ ಮುಖ ಇಳಿಯಿತು. ಶಂಕರಿಯ ಮುಖ ಅರಳಿತು.

"ಹೇಳಿ ದೊಡ್ಡಮ್ಮ, ಸರಿಯಾಗಿ ಹೇಳಿ. ಒಂದು ಕೊಕ್ಕರೆಗೋಸ್ಕರ ಇವರ ನೌಕರಿ ಹೋಗ್ಲಿಕ್ಕುಂಟು."

"ಕೊಕ್ಕರೆಯಲ್ಲ," ಎಂದ ಸುಬ್ರಾಯ. ಅದೊಂದನ್ನು ಮಾತ್ರ ಅವನು ಹೆಂಡತಿಗೆ ಬಿಟ್ಟುಕೊಡುತ್ತಿರಲಿಲ್ಲ.

ಮರುದಿನ ಕಚೇರಿಗೆ ನಾನೂ ಹೋದೆ. ಸರಕು ಯಾವುದೆಂದು ಗುರುತಿಸಲು ತಿಳಿದವರು ಬೇಕೆಂದು ಪಿಳ್ಳೆಯವರು ಹೇಳಿಕಳಿಸಿದ್ದರು. ಗೇಟಿನಲ್ಲಿಯೇ ಕೆಂಗಾಲಿಯ ಕೂಗು ಕೇಳುತ್ತಿತ್ತು. ಯಾರು ಓಡಾಡಿದರೂ ಅದು ಎಚ್ಚರಿಕೆ ಕೊಡುತ್ತಿತ್ತು. ಕಚೇರಿಯಲ್ಲಿ ಓಡಾಡುವುದನ್ನು ಬಿಟ್ಟು ಬೇರೆ ಕೆಲಸ ಕಡಿಮೆ. ಗುಮಾಸ್ತರು ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಜಪ್ತಿ ಕೋಣೆಯಲ್ಲಿ ಕಳ್ಳಸಾಗಣೆಯ ಹೊಗೆಸೊಪ್ಪಿನ ಮೂಟೆಗಳ ನಡುವೆ ಬುಟ್ಟಿಯ ಸಂದಿನಿಂದ ಕೊಕ್ಕು ಹೊರಗೆ ಚಾಚಿ ಅದು ನಿಂತಿತ್ತು. ಬುಟ್ಟಿಗೆ ಬೇರೆ ಒಂದು ಮುದ್ರೆ ಹಾಕಿದ್ದರು.

ಪಿಳ್ಳೆಯವರು ತೆಳ್ಳಗಿನ, ಶುಭ್ರವಾದ ಮನುಷ್ಯ. ಅರ್ಧ ಮಲಯಾಳ ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ನಿಯಮಾವಳಿಯ ಪುಸ್ತಕವನ್ನು ಅವರು ಬೇರೆಯವರು ಭಗವದ್ಗೀತೆ ಮುಟ್ಟುವ ಹಾಗೆ ಮುಟ್ಟುತ್ತಿದ್ದರು. ದುಷ್ಟರಲ್ಲ. ತಮ್ಮ ಮುಂದಿರುವ ವಸ್ತು ಯಾವ ನಿಯಮದಡಿ ಬರುತ್ತದೆ ಎಂದು ತಿಳಿಯದಿದ್ದರೆ ಅವರಿಗೆ ನಿಜವಾಗಿಯೂ ಮೈ ಬೆವರುತ್ತಿತ್ತು.

"ಈ ಮುದ್ರೆ ನೀವು ಹಾಕಿದ್ದೋ ಮಿಸ್ಟರ್ ಸುಬ್ರಾಯ ರಾವ್?"

"ಹೌದು ಸಾರ್."

ಶಂಕರಿ ನಿಟ್ಟುಸಿರು ಬಿಟ್ಟಳು. ಹಾಕಿದ್ದು ಗೊತ್ತಿಲ್ಲ ಎಂದು ಹೇಳಬೇಕೆಂದು ರೈಲಿನುದ್ದಕ್ಕೂ ಅವನಿಗೆ ಕಲಿಸಿಕೊಂಡು ಬಂದಿದ್ದಳು.

"ನೋಡಿ," ಎಂದರು ಪಿಳ್ಳೆ, ದನಿ ತಗ್ಗಿಸಿ. "ನಾನು ಕಲ್ಲಲ್ಲ. ನೀವೇ ಆ ಮುದ್ರೆ ಒಡೆದು ನನ್ನ ಕೈಗೆ ಕೊಡಿ. ತಪ್ಪಿ ಬಿದ್ದ ಮುದ್ರೆ ವಾಪಸು ಬಂತು ಎಂದು ಬರೆದು ಮುಗಿಸುತ್ತೇನೆ. ನಿಮ್ಮ ಶಿಫಾರಸಿಗೆ ನಾಳೆಯೇ ರುಜು."

"ಹಕ್ಕಿ ಸಾರ್?"

"ಹಾಳಾಗುವ ಸರಕು. ಮುದ್ರೆ ತೆಗೆದು ಹರಾಜು. ನಾಡಿದ್ದು. ಅದು ನಿಯಮ."

"ಹಕ್ಕಿಯನ್ನು ಬಿಟ್ಟುಬಿಟ್ಟರೆ?"

"ಮುದ್ರೆ ತೆಗೆದ ಮೇಲೆ ಬೇಕಾದರೆ ನೀವೇ ಕೊಂಡು ಬಿಡಿ. ಯಾರು ಬೇಡ ಎಂದರು?"

ಎರಡು ದಿನ ಯೋಚಿಸಲು ಬಿಟ್ಟರು. ಅಷ್ಟರಲ್ಲಿ ಸರಕು ಸಾಯಬಾರದು, ಸತ್ತರೆ ಅದಕ್ಕೆ ಬೇರೆ ವಿವರಣೆ ಬೇಕು ಎಂದು ಅದರ ಆಹಾರದ ಹೊಣೆಯನ್ನು ಸುಬ್ರಾಯನ ಮೇಲೆಯೇ ಹಾಕಿದರು.

ಕೆಂಗಾಲಿ ಅನ್ನ ತಿನ್ನುವುದಿಲ್ಲ. ಅದಕ್ಕೆ ಹುಳ, ಸಣ್ಣ ಸಿಗಡಿ ಬೇಕು. ತಲೆತಲಾಂತರದಿಂದ ಮೀನಿನ ಬೀದಿಗೆ ಕಾಲಿಡದ ಮನೆತನದ ಸುಬ್ರಾಯ ತಲೆಗೆ ಟವೆಲು ಸುತ್ತಿ, ಮೂಗಿಗೆ ಕರ್ಚೀಪು ಒತ್ತಿಕೊಂಡು, ಚಾಲೆ ಮಾರುಕಟ್ಟೆಯಲ್ಲಿ ಸಿಗಡಿ ಕೊಳ್ಳಲು ನಿಂತ. ಅಲ್ಲಿ ಅವನ ಹೆಗಲಿಗೆ ಕೈ ಬಿತ್ತು. ಬ್ಯಾಂಕಿನಲ್ಲಿದ್ದ ದಾಮೋದರ, ನಮ್ಮ ಕಡೆಯವನೇ, ಮಡಿವಂತನೆಂದು ಹೆಸರಾದವನು.

"ಏನು ಸುಬ್ರಾಯರೇ, ನೀವು ಇಲ್ಲಿ?"

"ನನಗಲ್ಲ ಮಾರಾಯ್ರೆ. ಜಪ್ತಿಯಾದ ಸರಕಿಗೆ."

"ಓಹೋ," ಎಂದ ದಾಮೋದರ, ಅರ್ಥಮಾಡಿಕೊಂಡವನ ಹಾಗೆ. "ನಾನೂ ಹಾಗೇ ಹೇಳ್ತೇನೆ." ಅವನ ಚೀಲದಿಂದ ಒಂದು ಬಾಲ ಹೊರಗೆ ಇಣುಕುತ್ತಿತ್ತು. ಇಬ್ಬರೂ ಆಮೇಲೆ ಎಂದೂ ಈ ವಿಷಯ ಎತ್ತಲಿಲ್ಲ.

ಹಕ್ಕಿಗೆ ತಿನ್ನಿಸಿ ಬಂದು ಸ್ನಾನ ಮಾಡಿ ಜಗಲಿಯಲ್ಲಿ ಕೂತವನನ್ನು ಶಂಕರಿ ಹಿಡಿದಳು.

"ಉಂಗುರ ತೆಗೆದು ಹಕ್ಕಿ ಬಿಡುವ ಅಂತ ಅವರೇ ಹೇಳ್ತಾರೆ. ನಿಮ್ಮ ಹಕ್ಕಿಯೂ ಬದುಕ್ತದೆ, ನೌಕರಿಯೂ ಬದುಕ್ತದೆ. ಇನ್ನೆಂತ ಬೇಕು ನಿಮಗೆ?"

"ಉಂಗುರ ತೆಗೆದರೆ ಅದು ಏಳನೆಯದು ಅಲ್ಲ ಮಾರಾಯ್ತಿ. ಬರೀ ಒಂದು ಹಕ್ಕಿ. ಬರುವ ವರ್ಷ ದಿಣ್ಣೆಗೆ ಬಂದರೂ ನನಗೆ ಗೊತ್ತಾಗ್ಲಿಕ್ಕಿಲ್ಲ. ಇಷ್ಟು ಹಕ್ಕಿಗಳಲ್ಲಿ ಪುನಃ ಕಂಡದ್ದು ಅದೊಂದೇ."

"ಅದಕ್ಕೆ ಗೊತ್ತಿರ್ತದಲ್ಲ, ಸಾಕು."

ಅವಳ ಮಾತನ್ನು ಅವನು ಒಪ್ಪಲಿಲ್ಲ. ಮುದ್ರೆ ಇರುವುದು ತಿಳಿಯಲಿಕ್ಕೆ, ತಿಳಿದ ಮೇಲೆ ಒಡೆಯಲಿಕ್ಕೆ. ಏನೂ ತಿಳಿಯದೆ ಮುದ್ರೆ ಒಡೆದ ದಿನ ಅವನ ನೌಕರಿಯಲ್ಲಿ ಒಂದೂ ಇರಲಿಲ್ಲ.

ಹರಾಜಿನ ದಿನ ಕಚೇರಿಯ ವರಾಂಡದಲ್ಲಿ ಮೇಜು ಹಾಕಿದರು. ಬುಟ್ಟಿ ಮೇಜಿನ ಮೇಲೆ. ಪಕ್ಕದಲ್ಲಿ ಮುದ್ರೆ ಒಡೆಯುವ ಕತ್ತರಿ. ಕೊಳ್ಳಲು ಬಂದವನು ಒಬ್ಬನೇ, ಚಾಲೆಯ ಕಡೆಯ ಊಟದ ಹೋಟೆಲಿನ ಯಜಮಾನ. ಅವನು ಬುಟ್ಟಿಯ ಸಂದಿನಲ್ಲಿ ಬೆರಳು ಹಾಕಿ ಹಕ್ಕಿಯ ಎದೆ ಒತ್ತಿ ನೋಡಿದ. ಹಕ್ಕಿ ಅವನ ಬೆರಳು ಕುಕ್ಕಿತು.

"ಮಾಂಸ ಕಮ್ಮಿ, ಸಾರೇ."

"ಸಿಗಡಿ ತಿಂದಿದೆ," ಎಂದರು ಪಿಳ್ಳೆ, ಸರಕಿನ ಮರ್ಯಾದೆ ಉಳಿಸುವವರ ಹಾಗೆ. ಆಮೇಲೆ ಕತ್ತರಿಯನ್ನು ಸುಬ್ರಾಯನ ಕಡೆಗೆ ಸರಿಸಿದರು. "ಒಡೆಯಿರಿ."

ಸುಬ್ರಾಯ ಕತ್ತರಿ ತೆಗೆದುಕೊಳ್ಳಲಿಲ್ಲ.

"ಒಡೆಯುವ ಮೊದಲು ಸರಕಿನ ಮೂಲ ಬರೀಬೇಕಲ್ಲ ಸಾರ್?"

"ಮೂಲ ಕೊಚ್ಚಿ."

"ಕೊಚ್ಚಿಯಲ್ಲಿ ಮುದ್ರೆ ಬಿದ್ದದ್ದು ಸಾರ್. ಅದು ಹುಟ್ಟಿದ್ದು ಅಲ್ಲಿ ಅಲ್ಲ."

ಪಿಳ್ಳೆಯವರ ಪೆನ್ನು ನಿಂತಿತು. ಮೂಲದ ಅಂಕಣವನ್ನು ತಪ್ಪಾಗಿ ತುಂಬುವುದು ಅವರಿಂದ ಆಗದ ಕೆಲಸ. ನನ್ನ ಕಡೆ ತಿರುಗಿದರು.

"ಟೀಚರ್, ಇದು ಎಲ್ಲಿಯದು?"

"ಗೊತ್ತಿಲ್ಲ," ಎಂದೆ. "ಇಲ್ಲಿಯದಲ್ಲ ಎಂದು ಮಾತ್ರ ಹೇಳಬಲ್ಲೆ. ಈ ಜಾತಿ ಕೇರಳದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಬಡಗಲಿಗೆ ಹೋಗಿ ಮೊಟ್ಟೆಯಿಡುತ್ತದೆ. ಟಿಬೆಟ್ ಇರಬಹುದು, ಅದರಾಚೆ ಇರಬಹುದು."

"ಅಂದರೆ ವಿದೇಶದ ಸರಕು!" ಪಿಳ್ಳೆಯವರ ಮುಖ ಬೆಳಗಿತು. "ಅನುಮತಿಯಿಲ್ಲದೆ ಒಳಗೆ ಬಂದದ್ದು. ಹಾಗಾದರೆ ಮುಟ್ಟುಗೋಲು. ಹರಾಜೂ ಇಲ್ಲ, ಬಿಡುಗಡೆಯೂ ಇಲ್ಲ."

ಸುಬ್ರಾಯ ತಲೆ ತಗ್ಗಿಸಿ ಬೆಂಚಿನ ಮೇಲೆ ಕೂತ. ಶಂಕರಿ ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ಹೇಳುವುದು ಇನ್ನೂ ಮುಗಿದಿರಲಿಲ್ಲ.

"ಲಡಾಖಿನಲ್ಲಿಯೂ ಗೂಡು ಕಟ್ಟುತ್ತದೆ. ಅದು ನಮ್ಮ ದೇಶ."

"ಆಗ ಸ್ವದೇಶದ ಸರಕೋ?"

"ಲಡಾಖಿನಲ್ಲಿ ಹುಟ್ಟಿದ್ದರೆ."

"ಹುಟ್ಟಿದೆಯೋ?"

"ಗೊತ್ತಿಲ್ಲ ಎಂದು ಮೊದಲೇ ಹೇಳಿದೆನಲ್ಲ."

ಪಿಳ್ಳೆಯವರ ಹಣೆಯಲ್ಲಿ ಬೆವರು ಮೂಡಿತು. ನಿಯಮಾವಳಿಯನ್ನು ತೆರೆದು, ಬೆರಳನ್ನು ನಾಲಗೆಗೆ ಒತ್ತಿ, ಪುಟ ತಿರುವಿದರು. ಹಕ್ಕಿ ಕೂಗಿತು. ಹೋಟೆಲಿನವನು ಆಕಳಿಸಿದ. ಸುಬ್ರಾಯ ಮೆಲ್ಲನೆ ತಲೆಯೆತ್ತಿದ. ಆ ಪುಸ್ತಕ ಅವನಿಗೂ ಬಾಯಿಪಾಠ.

"ಮೂಲ ಸಂಶಯದಲ್ಲಿರುವ ಸರಕು, ಸಾರ್," ಎಂದ.

"ಅದನ್ನೇ ಹುಡುಕುತ್ತಿದ್ದೇನೆ, ಸುಮ್ಮನಿರಿ." ಪಿಳ್ಳೆಯವರ ಬೆರಳು ನಿಂತಿತು. ಗಟ್ಟಿಯಾಗಿ ಓದಿದರು: ಮೂಲ ಸಂಶಯದಲ್ಲಿರುವ ಸರಕಿನ ಮುದ್ರೆಯನ್ನು ಮೂಲ ನಿಶ್ಚಯವಾಗುವ ತನಕ ಯಾರೂ ಒಡೆಯತಕ್ಕದ್ದಲ್ಲ. ಕತ್ತರಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಸರಿ. ಈಗ ಮೂಲ ನಿಶ್ಚಯಿಸುವುದು ಹೇಗೆ?"

"ಏಪ್ರಿಲಿನಲ್ಲಿ ಅದು ತನ್ನ ಊರಿಗೆ ಹೋಗ್ತದೆ ಸಾರ್. ಅಲ್ಲಿ ಯಾರಿಗಾದರೂ ಸಿಕ್ಕಿದರೆ, ಮುದ್ರೆ ನೋಡಿ ನಮಗೆ ತಿಳಿಸ್ತಾರೆ."

"ಮುದ್ರೆ ಇಲ್ಲದಿದ್ದರೆ?"

"ತಿಳಿಸ್ಲಿಕ್ಕೆ ಬರುವುದಿಲ್ಲ ಸಾರ್."

"ಆದ್ದರಿಂದ ಮುದ್ರೆ ಇರಲೇಬೇಕು." ಪಿಳ್ಳೆಯವರು ಇದನ್ನು ತಾವೇ ಕಂಡುಹಿಡಿದವರ ಗತ್ತಿನಲ್ಲಿ ಹೇಳಿದರು. ಯುರೋಪಿನ ವಿದ್ವಾಂಸರು ಅರ್ಧ ಶತಮಾನ ಮೊದಲೇ ಹೋಗಿದ್ದ ದಾರಿಗೆ ಅವರು ನಿಯಮಾವಳಿಯ ಮೂಲಕ ಬಂದಿದ್ದರು, ಬಂದದ್ದಂತೂ ನಿಜ. "ಸರಕನ್ನು ಮೂಲಕ್ಕೆ ಕಳಿಸಿ ಪರೀಕ್ಷಿಸಬೇಕು. ಸಾಗಣೆಯ ವೆಚ್ಚ?"

"ಅದೇ ಹೋಗ್ತದೆ ಸಾರ್. ವೆಚ್ಚ ಇಲ್ಲ."

ಇಲಾಖೆಯ ಇತಿಹಾಸದಲ್ಲಿ ಅಂಥ ಸರಕು ಇರಲಿಲ್ಲವೆಂದು ತೋರುತ್ತದೆ. ಪಿಳ್ಳೆಯವರು ಹಕ್ಕಿಯ ಕಡೆ ಮೊದಲ ಬಾರಿಗೆ ಗೌರವದಿಂದ ನೋಡಿದರು.

"ಹಾಗಾದರೆ ನನ್ನ ಗತಿ?" ಎಂದ ಹೋಟೆಲಿನವನು.

"ತನಿಖೆಯಲ್ಲಿರುವ ಸರಕನ್ನು ತಿಂದರೆ ನಿನ್ನ ಮೇಲೂ ಮುದ್ರೆ ಹಾಕಬೇಕಾಗುತ್ತದೆ."

ಅವನು ಹೋದ.

ಬಿಡುಗಡೆ ವೇಳಿಯ ಕಾಯಲಿನ ದಂಡೆಯಲ್ಲಿ ನಡೆಯಿತು. ಪಿಳ್ಳೆಯವರು ಸಾಕ್ಷಿಗೆ ಜವಾನನನ್ನೂ ಕರೆತಂದಿದ್ದರು. ಸುಬ್ರಾಯ ಬುಟ್ಟಿಯ ಮುದ್ರೆ ಒಡೆದು ಹಕ್ಕಿಯನ್ನು ಕೈಗೆ ತೆಗೆದುಕೊಂಡ. ಉಂಗುರವನ್ನು ಜಗ್ಗಿ ನೋಡಿದ. ಒಂದು ಕ್ಷಣ ತಡೆದು ಮತ್ತೆ ಜಗ್ಗಿದ.

"ಸಾಕು ಮಾರಾಯ್ರೆ, ಅದೇನು ಗೋದಾಮಾ?" ಎಂದಳು ಶಂಕರಿ.

ಅವನು ಕೈ ಬಿಚ್ಚಿದ. ಕೆಂಗಾಲಿ ರೆಕ್ಕೆಯ ಬಿಳಿ ಅಂಚು ತೋರಿಸುತ್ತ, ಎಲ್ಲರನ್ನೂ ಬೈಯುತ್ತ ನೀರಿನ ಮೇಲೆ ಹಾರಿಹೋಯಿತು. ಜವಾನ ಎಲ್ಲಿ ರುಜು ಹಾಕಬೇಕೆಂದು ಕೇಳಿದ.

ದಾಖಲೆ ಇಲ್ಲದೆ ಮುದ್ರೆ ಹಾಕಿದ್ದಕ್ಕೆ ಸುಬ್ರಾಯನಿಗೆ ಎಚ್ಚರಿಕೆ ಸಿಕ್ಕಿತು. ಖಾಯಂ ಆಗುವುದು ಮುಂದೆ ಹೋಯಿತು. ಅಷ್ಟೇ ಅಲ್ಲ. ತನಿಖೆ ಬಾಕಿಯಿರುವ ನೌಕರನನ್ನು ಜಾಗದಿಂದ ಕದಲಿಸುವಂತಿಲ್ಲ. ಏಲೂರಿನ ಕಾರ್ಖಾನೆಗಳ ಕಡೆಗೆ ಆಗಬೇಕಿದ್ದ ಅವನ ವರ್ಗವೂ ನಿಂತಿತು. ಅಲ್ಲಿ ಕ್ವಾರ್ಟರ್ಸಿನಲ್ಲಿ ಮನೆಯೊಳಗೇ ನಲ್ಲಿ ಇದೆಯೆಂದು ಶಂಕರಿ ಲೆಕ್ಕ ಹಾಕಿದ್ದಳು. ಅವಳು ಒಂದು ವಾರ ಅವನೊಂದಿಗೆ ಮಾತು ಬಿಟ್ಟಳು. ಮುಚ್ಚಳ ಕೊಳ್ಳುವುದನ್ನೂ ಬಿಟ್ಟಳು. ಕೊಂಡರೆ ಅವು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇಕ್ಕಳವನ್ನು ಮಾತ್ರ ಸುಬ್ರಾಯ ಮತ್ತೆ ಹಕ್ಕಿಗೆ ಬಳಸಲಿಲ್ಲ.

ಮರುವರ್ಷ ಜುಲೈಯಲ್ಲಿ ರಾಜ್ಯದ ಮಂತ್ರಿಮಂಡಲ ಉರುಳಿತು. ಪಿಳ್ಳೆಯವರ ಬಾಕಿ ತನಿಖೆ ಹಾಗೆಯೇ ನಿಂತಿತ್ತು. ಸೆಪ್ಟೆಂಬರಿನಲ್ಲಿ ಅವರು ನನ್ನ ಮನೆಗೆ ಬಂದು, ನನ್ನ ದುರ್ಬೀನನ್ನು ಕೇಳಿ ಪಡೆದು, ತನಿಖೆಗೆಂದು ಮಟ್ಟಾಂಚೇರಿಗೆ ಹೋದರು. ಮುಂದಿನದು ಶಂಕರಿ ಹೇಳಿದ್ದು. ಇಳಿತದ ಹೊತ್ತಿಗೆ ಪಿಳ್ಳೆಯವರೂ ಸುಬ್ರಾಯನೂ ಅಂತೋಣಿಯ ದೋಣಿಯಲ್ಲಿ ಕೂತು ದಿಣ್ಣೆ ನೋಡಿದರು. ಮೊದಲ ದಿನ ಏನೂ ಕಾಣಲಿಲ್ಲ. ಎರಡನೆಯ ದಿನ ಮಳೆ. ಪಿಳ್ಳೆಯವರು ಹೋಟೆಲಿನ ಊಟ ಸೇರದೆ ಸುಬ್ರಾಯನ ಮನೆಯಲ್ಲಿ ಉಂಡರು. ಅನ್ನದ ಪಾತ್ರೆಯ ಮೇಲಿದ್ದ ತಟ್ಟೆಯನ್ನು ನೋಡಿ, ಮುಚ್ಚಳವಿಲ್ಲವೋ ಎಂದು ಕೇಳಿದರು.

"ತನಿಖೆಯಲ್ಲಿ ಉಂಟು ಸಾರ್," ಎಂದಳು ಶಂಕರಿ.

ಮೂರನೆಯ ದಿನ ಕೆಸರಿನಲ್ಲಿ ಏನೋ ಮಿಂಚಿತು. ಪಿಳ್ಳೆಯವರು ದುರ್ಬೀನನ್ನು ಕಣ್ಣಿಗೆ ಒತ್ತಿ ಎದ್ದು ನಿಂತರು, ದೋಣಿ ಓಲಾಡಿತು, ಅಂತೋಣಿ ಅವರ ಸೊಂಟ ಹಿಡಿದುಕೊಂಡ. ಕೆಂಪು ಕಾಲು, ಅದರಲ್ಲಿ ಮಸುಕಾದ ಬೆಳ್ಳಗಿನ ಉಂಗುರ. ಅಂತೋಣಿ ಕುಣಿಕೆ ಹರಡಿ ಅದನ್ನು ಹಿಡಿದುಕೊಟ್ಟ. ಏಳು.

"ಮುದ್ರೆ ಒಡೆದಿಲ್ಲ," ಎಂದು ಪಿಳ್ಳೆಯವರು ಘೋಷಿಸಿದರು.

"ಹೌದು ಸಾರ್."

"ಎಲ್ಲಿಗೆ ಹೋಗಿತ್ತು?"

"ಗೊತ್ತಿಲ್ಲ ಸಾರ್."

"ಮೂಲ ನಿಶ್ಚಯವಾಗಿಲ್ಲ. ಬಾಕಿ ಮುಂದುವರಿಯಲಿ." ಅದನ್ನು ಹೇಳುವಾಗ ಅವರು ನಗುತ್ತಿದ್ದರಂತೆ. ಹಕ್ಕಿಯನ್ನು ಈ ಸಲ ತಾವೇ ಬಿಟ್ಟರು, ಬಿಡುವ ಮೊದಲು ಉಂಗುರವನ್ನು ಒಮ್ಮೆ ಜಗ್ಗಿ ನೋಡಿ.

ನಿವೃತ್ತರಾದ ಮೇಲೂ ಪಿಳ್ಳೆಯವರು ಎರಡು ಸೆಪ್ಟೆಂಬರ್ ಸ್ವಂತ ಖರ್ಚಿನಲ್ಲಿ ಬಂದರು. ದುರ್ಬೀನು ನನಗೆ ಹಿಂದಿರುಗಲಿಲ್ಲ. ಎರಡರಲ್ಲಿ ಮೊದಲ ವರ್ಷ ಹಕ್ಕಿ ಕಂಡಿತು. ಎರಡನೆಯ ವರ್ಷ ಕಾಣಲಿಲ್ಲ. ಅದು ಸತ್ತಿತು ಎಂದು ಸುಬ್ರಾಯ ಬರೆದ. ಉಪ್ಪುನೀರಿನಲ್ಲಿ ಅಡಿಗೆಪಾತ್ರೆಯ ಅಲ್ಯುಮಿನಿಯಂ ಸವೆದು ಉಂಗುರ ಬಿದ್ದಿರಲೂಬಹುದು, ಎರಡರಲ್ಲಿ ಯಾವುದೆಂದು ಹೇಳಲು ಆಧಾರವಿಲ್ಲ ಎಂದು ನಾನು ಉತ್ತರಿಸಿದೆ. ಅವನು ಅದನ್ನು ಸಮಾಧಾನದ ಮಾತೆಂದು ತಿಳಿದು ಸಂತೋಷಪಟ್ಟ. ನಾನು ಹೇಳಿದ್ದು ವಾಸ್ತವ.

ಹೊಸ ಅಧಿಕಾರಿ ಬಂದು, ಬಾಕಿಯಿದ್ದ ಕಡತವನ್ನು ಓದಿ, ಏನೂ ಅರ್ಥವಾಗದೆ ಅದನ್ನು ಹೊಡೆದುಹಾಕಿದ. ಸುಬ್ರಾಯ ಖಾಯಂ ಆದ. ಆ ಸಂಜೆ ಶಂಕರಿ ಪೇಟೆಗೆ ಹೋಗಿ ಎಲ್ಲ ಪಾತ್ರೆಗಳಿಗೂ ಮುಚ್ಚಳ ತಂದಳು. ಹಿತ್ತಾಳೆಯವು, ಇಕ್ಕಳಕ್ಕೂ ಕತ್ತರಿಗೂ ಬಗ್ಗದಷ್ಟು ದಪ್ಪದವು.